ಅಪ್ಪನ ಮನೆ ಅಡವಿಟ್ಟು ಪಿಎಚ್.ಡಿ. ಮಾಡಲೇ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ, ಕಾಯಂ ಹುದ್ದೆ. ಎಂ.ಎ.ಯಲ್ಲಿ ‘ಎವ್ರಿಮ್ಯಾನ್’ ಎಂಬ ಹಳೆಯ ನೀತಿನಾಟಕ ಓದಿದಂದಿನಿಂದ ಮಧ್ಯಯುಗದ ಇಂಗ್ಲಿಷ್ ನಾಟಕಗಳ ಹುಚ್ಚು. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದು ಪಿಎಚ್.ಡಿ.ಗೆ ಸೀಟು ಕೊಟ್ಟಿದೆ, ಶಿಷ್ಯವೇತನವಿಲ್ಲ. ಮನೆ ಅಡವಿಟ್ಟು ಸಾಲ ತರುತ್ತೇನೆ ಎನ್ನುತ್ತಾರೆ ಅಪ್ಪ. ‘ಆ ಪಾದ್ರಿಗಳ ನಾಟಕ ಯಾರಿಗೆ ಬೇಕು’ ಎನ್ನುತ್ತಾರೆ ಪತಿ. ಕೆಲಸ ಬಿಡಲೇ?

ಉತ್ತರ: ಬಿಡಬೇಡಿ. ಅಪ್ಪನ ಮನೆಯನ್ನೂ ಮುಟ್ಟಬೇಡಿ. ಈ ವಿಷಯಕ್ಕೆಂದೇ ಮೀಸಲಾದ ಹುದ್ದೆಗಳು ಇಂಗ್ಲೆಂಡಿನಲ್ಲೇ ವಿರಳ. ಇಲ್ಲಿಗೆ ಮರಳಿದರೆ ನೀವು ಕಲಿಸುವುದು ಈಗ ಕಲಿಸುತ್ತಿರುವುದನ್ನೇ. ಆ ಸಾಲ ತೀರಿಸುವ ಸಂಬಳ ಎಲ್ಲಿಂದ ಬರಬೇಕು? ಅಪ್ಪ ಪ್ರೀತಿಯಿಂದ ಹೇಳಿದ್ದಾರೆ, ಬೇಡವೆನ್ನುವ ಕಷ್ಟ ನಿಮ್ಮ ಪಾಲಿನದು.

ಹಣದ ಬಗ್ಗೆ ನಿಮ್ಮ ಪತಿಗೆ ಅಂಜಿಕೆಯಿದ್ದರೆ ಅದು ನ್ಯಾಯವೇ. ಆದರೆ ಪಾದ್ರಿಗಳ ನಾಟಕ ಎಂದದ್ದು ತಪ್ಪು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಆ ಕಾಲದ ಬೈಬಲ್ ಕಥೆಗಳ ನಾಟಕಗಳನ್ನು ಆಡಿಸುತ್ತಿದ್ದವರು ಕಸುಬುದಾರರ ಸಂಘಗಳು. ನೋವಾನ ನಾವೆ ಕಟ್ಟುವ ದೃಶ್ಯ ಹಡಗು ಕಟ್ಟುವವರದು, ಯೇಸುವಿನ ಕೊನೆಯ ಭೋಜನ ಬೇಕರಿಯವರದು. ಬಂಡಿಯೇ ರಂಗಸ್ಥಳ; ಬೆಳಗಿನ ನಾಲ್ಕೂವರೆಗೇ ಬಂಡಿಗಳು ಸಜ್ಜಾಗಬೇಕಿತ್ತು. ಅಲ್ಲಿನ ವರ್ತಕರ ಸಂಘ 1433ರಲ್ಲಿ ಬರೆಸಿದ ಸಾಮಾನುಗಳ ಪಟ್ಟಿ ಉಳಿದಿದೆ: ನಾಲ್ಕು ಚಕ್ರದ ಬಂಡಿ, ನರಕದ ಬಾಯಿ, ದೆವ್ವಗಳ ಉಡುಪು, ಮುಖವಾಡಗಳು, ದೇವರು ಕುಳಿತು ಸ್ವರ್ಗಕ್ಕೇರಲು ಕಬ್ಬಿಣದ ಉಯ್ಯಾಲೆ. ಅದನ್ನು ಪತಿಗೆ ಓದಿ ಹೇಳಿ. ನಕ್ಕರೆ ನಗಲಿ, ಮತ್ತೆ ‘ಪಾದ್ರಿ’ ಎನ್ನಲಾರರು.

ನನ್ನನ್ನು ಕಾಡಿದ್ದು ಬೇರೆಯೇ. ಪತ್ರದಲ್ಲಿ ಹುಚ್ಚಿದೆ, ಪ್ರಶ್ನೆಯಿಲ್ಲ. ಏನನ್ನು ಹುಡುಕಲು ಹೊರಟಿದ್ದೀರಿ? ಶಿಷ್ಯವೇತನ ಕೊಡುವವರು ಮೊದಲು ನೋಡುವುದು ಅದನ್ನೇ. ‘ಎವ್ರಿಮ್ಯಾನ್’ ಒಂದರಿಂದ ಪ್ರಶ್ನೆ ಹುಟ್ಟದು, ನಾಟಕ ಆಡಿಸಿದವರ ಲೆಕ್ಕಪತ್ರಗಳಿಗೆ ಇಳಿಯಬೇಕು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಿದ್ವಾಂಸರು ಹಳೆಯ ಇಂಗ್ಲಿಷ್ ರಂಗಭೂಮಿಯ ದಾಖಲೆಗಳನ್ನು ಊರೂರಿನಿಂದ ಕಲೆಹಾಕಿ ಪ್ರಕಟಿಸುತ್ತಿದ್ದಾರೆ. 1979ರಲ್ಲಿ ಬಂದ ಯಾರ್ಕ್ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಓದಿ (ಆ ಕೆಲಸದಲ್ಲಿ ಪತಿಗೂ ಪಾಲಿರಲಿ). ಲ್ಯಾಟಿನ್ ಈಗಲೇ ಶುರು ಮಾಡಿ. ದಾಖಲೆಗಳಲ್ಲಿ ಬಹಳಷ್ಟು ಆ ಭಾಷೆಯಲ್ಲಿವೆ; ಟೊರಾಂಟೊದ ಮಧ್ಯಯುಗ ಅಧ್ಯಯನ ಕೇಂದ್ರದಲ್ಲಿ ಪಿಎಚ್.ಡಿ. ಮಾಡುವವರು ಲ್ಯಾಟಿನ್ ಪರೀಕ್ಷೆ ಪಾಸಾಗಲೇಬೇಕು. ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಧನಸಹಾಯವಿದೆ, ಅದಕ್ಕೂ ಅರ್ಜಿ ಹಾಕಿ.

ಇಂಗ್ಲೆಂಡಿನವರಿಗೆ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಸಾಧ್ಯವೇ ಎಂದು ಈ ವಾರವೇ ಬರೆಯಿರಿ. ಧನಸಹಾಯ ಸಿಕ್ಕ ದಿನ ಕಾಲೇಜಿಗೆ ಕೊಡಬೇಕಾದದ್ದು ಅಧ್ಯಯನ ರಜೆಯ ಅರ್ಜಿ, ರಾಜೀನಾಮೆಯಲ್ಲ. ಅದರ ನಿಯಮಗಳನ್ನು ಕಚೇರಿಯ ಸೂಪರಿಂಟೆಂಡೆಂಟ್ ಬಳಿ ಇಂದೇ ಕೇಳಿಟ್ಟುಕೊಳ್ಳಿ.