ಅಮ್ಮನ ಬಗ್ಗೆ ಬರೆಯಬೇಕು, ಅಪ್ಪ ಬಾಯಿ ಬಿಡುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಅಮ್ಮ ಹೋಗಿ ವರ್ಷ ತುಂಬುತ್ತಾ ಬಂತು. ನಿಮ್ಮ ಮಗಳು ಇನ್ನೂ ಚಿಕ್ಕವಳು, ಅಜ್ಜಿ ಹೇಗಿದ್ದರು ಅಂತ ಅವಳಿಗೆ ಮುಂದೆ ಗೊತ್ತಾಗಬೇಕು, ಅದಕ್ಕೆ ಬರೆದಿಡೋಣ ಅಂತ ನೀವು. ಸೋಮವಾರಪೇಟೆ ಕಡೆ ಊರಲ್ಲಿರುವ ಅಪ್ಪನನ್ನು ಕೇಳಿದರೆ "ಏನು ಹೇಳೋದು, ಒಳ್ಳೆಯವಳು" ಅಂತ ಎದ್ದು ಹೋಗುತ್ತಾರೆ. ನಾನು ನಿಮ್ಮ ಅಪ್ಪನ ಸಾಲಿನವನು. ಕೊಡಗಿನಲ್ಲೇ, ಚೇರಂಬಾಣೆ ಹತ್ತಿರ ಸಣ್ಣ ಕಾಫಿ ತೋಟ, ಮೇಷ್ಟ್ರ ಕೆಲಸದಿಂದ ರಿಟೈರ್ ಆಗಿದ್ದೇನೆ, ಹೆಂಡತಿ ಈಗಿಲ್ಲ. ಎದ್ದು ಹೋಗುವವರ ಕಡೆಯಿಂದಲೇ ಉತ್ತರ ಹೇಳುತ್ತೇನೆ.

"ಅಮ್ಮನ ಬಗ್ಗೆ ಹೇಳಿ" ಅಂತ ಮಾತ್ರ ಕೇಳಬೇಡಿ. ನನ್ನ ದೊಡ್ಡ ಮಗ ಹಾಗೇ ಕೇಳಿದ್ದ, ಊಟದ ಮೇಜಿನ ಮೇಲೆ ಫೋನ್ ಇಟ್ಟು, ರೆಕಾರ್ಡಿಂಗ್ ಒತ್ತಿ. ನನಗೆ ಒಂದು ಮಾತೂ ಬರಲಿಲ್ಲ. ಅಳು ಬಂದು ಅಲ್ಲ. ಅಷ್ಟು ವರ್ಷ ಜೊತೆಗಿದ್ದವಳ ಬಗ್ಗೆ ಹೇಳು ಅಂದರೆ ಯಾವ ತುದಿ ಹಿಡಿಯೋದು? ಅದೇ ಮಗ ಆಮೇಲೊಂದು ದಿನ ಕಣದಲ್ಲಿ ಒಣಗಲು ಹಾಕಿದ ಕಾಫಿ ಹಣ್ಣು, ಅಂದರೆ ಚೆರಿ, ಕೈಯಾಡಿಸುತ್ತಾ "ಅವ್ವ ಓಟಿ ಹೇಗೆ ನೋಡುತ್ತಿದ್ದಳು?" ಅಂತ ಕೇಳಿದ. ಅವತ್ತು ಊಟಕ್ಕೆ ಕರೆದರೂ ಏಳದೆ ಮಾತಾಡಿದೆ.

ಓಟಿ ಅಂದರೆ ಏನು ಅಂತ ನಿಮಗೆ ಗೊತ್ತು, ಬೇರೆಯವರಿಗಾಗಿ ಹೇಳಿಬಿಡುತ್ತೇನೆ. ಒಣಗಿದ ರೊಬಸ್ಟಾ ಕಾಫಿ ಚೆರಿ 50 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರಾಟ ಆಗುತ್ತದೆ. ಆ ಚೀಲದ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೇಳೆ ಸಿಗುತ್ತದೋ ಅದು ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. 26 ಬಂದರೆ ಒಂದು ರೇಟು, 28 ಬಂದರೆ ಇನ್ನೊಂದು. ಒಂದು ಪಾಯಿಂಟ್ ಕಡಿಮೆ ಹೇಳಿದರೂ ನೂರು ಚೀಲದ ಮೇಲೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿ.

ನನ್ನ ಹೆಂಡತಿ ಘಟ್ಟದ ಕೆಳಗಿನವಳು, ಸುಳ್ಯದ ಕಡೆ. ಅಡಿಕೆ, ತೆಂಗು, ರಬ್ಬರ್ ಕಂಡು ಬೆಳೆದವಳು. ಮದುವೆಯಾಗಿ ಬಂದಾಗ ಕಾಫಿ ಅಂದರೆ ಲೋಟದಲ್ಲಿರುವುದು ಅಷ್ಟೇ ಗೊತ್ತಿತ್ತು. ಕೊಯ್ಲು ಬರುವ ಹೊತ್ತಿಗೆ ನನಗೆ ಶಾಲೆ, ಪರೀಕ್ಷೆ. ತೋಟ ಅವಳ ತಲೆಗೆ ಬಿತ್ತು. ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಜ್ಜಿಯ ಹಿಂದೆ ಹಿಂದೆ ಓಡಾಡಿ ಕಲಿತಳು. ಚೆರಿ ಒಣಗಿತೋ ಇಲ್ಲವೋ ಅಂತ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸೋದು, ಒಳಗೆ ಬೇಳೆ ಗಲಗಲ ಅನ್ನಬೇಕು, ಇದೆಲ್ಲ ಆ ಅಜ್ಜಿ ಹೇಳಿಕೊಟ್ಟದ್ದು. ಓಟಿ ನೋಡುವುದನ್ನು ಮಾತ್ರ ಅವಳೇ ಕಂಡುಕೊಂಡಳು. ಚೀಲದ ಬಾಯಿಂದ ಒಂದು ಹಿಡಿ, ನಡುವಿನಿಂದ ಒಂದು, ತಳದಿಂದ ಒಂದು. ಮೂರನ್ನೂ ಬೆರೆಸಿ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಒರಳಲ್ಲಿ ಮೆಲ್ಲಗೆ ಕುಟ್ಟುವಳು. ಜೋರಾಗಿ ಕುಟ್ಟಿದರೆ ಬೇಳೆ ಒಡೆದು ಲೆಕ್ಕ ತಪ್ಪುತ್ತದೆ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಬೇಳೆ ಮತ್ತೆ ತೂಗುವಳು. 52 ಗ್ರಾಂ ಬಂದರೆ ಓಟಿ 26. ಕಾಫಿ ಕೊಳ್ಳಲು ಬಂದವರು 25 ಅಂದರೆ ಜಗಳ ಇಲ್ಲ, ಗಲಾಟೆ ಇಲ್ಲ. "ಕೂತ್ಕೊಳ್ಳಿ, ಕಾಫಿ ಕುಡಿಯಿರಿ, ಇನ್ನೊಂದು ಸಲ ತೂಗೋಣ" ಅನ್ನುವಳು. ಎರಡನೇ ಸಲ ತೂಗಿದಾಗ ಯಾವಾಗಲೂ 26 ಬರುತ್ತಿತ್ತು, ಅದೇನು ಮಾಯವೋ.

ನೋಡಿ, "ಧೈರ್ಯವಂತೆ, ಲೆಕ್ಕಾಚಾರ ಗೊತ್ತಿದ್ದವಳು" ಅಂತ ಒಂದು ಸಾಲು ಬರೆದಿದ್ದರೆ ಯಾರ ಹೆಂಡತಿಗಾದರೂ ಅಂಟಿಸಬಹುದಿತ್ತು. ನಮ್ಮ 'ಶಕ್ತಿ' ಪೇಪರಿನ ಶ್ರದ್ಧಾಂಜಲಿ ಪುಟ ನೀವೂ ನೋಡಿರುತ್ತೀರಿ. ಎಲ್ಲರೂ ಸಹನಾಮೂರ್ತಿ, ಎಲ್ಲರೂ ತ್ಯಾಗಮಯಿ. ಫೋಟೋ ಅದಲು ಬದಲಾದರೂ ಗೊತ್ತಾಗುವುದಿಲ್ಲ. ಹಾಗಾಗಿ ಅಮ್ಮ ಎಂಥವರು ಅಂತ ಕೇಳಬೇಡಿ, ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಅಂತ ಕೇಳಿ. ಎಂಥವರು ಅನ್ನೋದು ಅದರ ಬೆನ್ನಿಗೇ ಬರುತ್ತದೆ.

ಇನ್ನೊಂದು, ಮನೆಯಲ್ಲಿ ಹಳೆ ಕ್ಯಾಲೆಂಡರ್ ಇದ್ದರೆ ಯಾರೂ ಎಸೆಯದಂತೆ ಇವತ್ತೇ ಫೋನ್ ಮಾಡಿ ಹೇಳಿ. ಕೊಡಗಿನಲ್ಲಿ ಮಳೆ ಅಳೆಯೋದು ಒಂದು ಹುಚ್ಚು, ಅಲ್ವಾ. ಇಂಚು, ಸೆಂಟು. ಇಂಚಿಗೆ ನೂರು ಸೆಂಟು. ನಮ್ಮ ಮನೆಯಲ್ಲಿ ಬೆಳಿಗ್ಗೆ ಮಾಪನ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುವುದು ಅವಳ ಕೆಲಸ. ಮಳೆಯ ಜೊತೆಗೆ ಜಾಗ ಉಳಿದರೆ ಇನ್ನೇನಾದರೂ ಬರೆಯುತ್ತಿದ್ದಳು. ಅವಳು ಹೋದ ಮೇಲೆ ಅಟ್ಟದಿಂದ ಕಟ್ಟು ಇಳಿಸಿ ನೋಡಿದೆವು.

ಜೂನಿನ ಒಂದು ಚೌಕ: "2–35. ಕರೆಂಟಿಲ್ಲ. ಚಿಕ್ಕವನಿಗೆ ಜ್ವರ." ಮಾರ್ಚಿನ ಒಂದು: "1–10. ಸಾಕು." ಆ "ಸಾಕು" ತೋಟದವರಿಗೆ ಅರ್ಥ ಆಗುತ್ತದೆ. ಹೂಮಳೆ ಒಂದು ಇಂಚಾದರೂ ಬಿದ್ದರೆ ಎಂಟು ಹತ್ತು ದಿನದಲ್ಲಿ ರೊಬಸ್ಟಾ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಹಾಳು. ಆ ವರ್ಷ ಪಂಪು ಹಚ್ಚಿ ಸ್ಪ್ರಿಂಕ್ಲರ್ ಓಡಿಸುವ ಖರ್ಚು ಉಳಿಯಿತು ಅಂತ ಆ ಒಂದು ಪದದಲ್ಲಿ ಬರೆದಿಟ್ಟಿದ್ದಾಳೆ. ಇನ್ನೊಂದು ಚೌಕದಲ್ಲಿ "0–40. ಇವರು ಮಾತಾಡಲಿಲ್ಲ" ಅಂತಿದೆ. ಯಾಕೆ ಮಾತಾಡಲಿಲ್ಲ ಅಂತ ನನಗೆ ಸುತರಾಂ ನೆನಪಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು.

2018ರ ಆಗಸ್ಟ್ ಪುಟ ಬೇರೆ ಥರ ಇದೆ. ಆ ವಾರ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜಾರಿದವು, ಜೋಡುಪಾಲದ ಹತ್ತಿರ ರಸ್ತೆ ಹೋಯಿತು. ಸಂಪಾಜೆ ಘಾಟಿ ಬಂದ್ ಅಂದರೆ ಅವಳ ತವರಿನ ದಾರಿಯೇ ಬಂದ್. ಚೌಕಗಳಲ್ಲಿ ಬರೀ ಅಂಕಿ. ಒಂದು ಕಡೆ ಅಂಕಿಯೂ ಇಲ್ಲ, "ತುಂಬಿ ಚೆಲ್ಲಿದೆ" ಅಂತ ಮಾತ್ರ. ಎರಡು ಚೌಕ ಬಿಟ್ಟು "ಅಣ್ಣನ ಫೋನ್ ಬಂತು." ಮಳೆ ನಿಂತ ಮೇಲೆ ಭಾಗಮಂಡಲ, ಕರಿಕೆ ಮೇಲೆ ಸುತ್ತು ಹಾಕಿಕೊಂಡು ತವರಿಗೆ ಹೋಗಿ ಬಂದಳು. ಅದೂ ಇದೆ, "ಕರಿಕೆ ದಾರಿ. ವಾಂತಿ" ಅಂತ. ಆ ತಿರುವುಗಳಲ್ಲಿ ಹೋದವರಿಗೆ ಗೊತ್ತು.

ನಿಮ್ಮ ಮನೆಯಲ್ಲಿ ಕ್ಯಾಲೆಂಡರ್ ಇಲ್ಲದಿದ್ದರೆ ಹಾಲಿನ ಲೆಕ್ಕದ ಪುಸ್ತಕ, ಕೆಲಸದವರ ಹಾಜರಿ ಪುಸ್ತಕ, ಸ್ವಸಹಾಯ ಸಂಘದ ಪಾಸ್‌ಬುಕ್ ಏನಾದರೂ ಇರುತ್ತದೆ. ಹುಡುಕಿ.

ಆಸ್ಪತ್ರೆಯ ವಿಷಯ ಎರಡು ಸಾಲು ಸಾಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕೊನೆಯ ಕೆಲವು ತಿಂಗಳು ಕಣ್ಣಿಗೆ ಕಟ್ಟಿದ ಹಾಗಿರುತ್ತದೆ, ಬರೆಯಲು ಕೂತರೆ ಅದೇ ಮುನ್ನುಗ್ಗಿ ಬಂದು ಉಳಿದ ಬದುಕನ್ನೆಲ್ಲ ನುಂಗಿಬಿಡುತ್ತದೆ. ನನ್ನ ಹೆಂಡತಿಗೆ ಕ್ಯಾನ್ಸರ್ ಬಂತು. ಮಂಗಳೂರಿಗೆ ಓಡಾಡಿದೆವು, ಒಂದು ಮಳೆಗಾಲ ಮುಗಿಯುವ ಮೊದಲು ಹೋದಳು. ನನ್ನದು ಮುಗಿಯಿತು ನೋಡಿ.

ಸಿಟ್ಟು, ಹಟ ಇವನ್ನೂ ಬರೆಯಿರಿ. ನಮ್ಮವಳಿಗೆ ಕಾಚಂಪುಳಿಯ, ಅಂದರೆ ಅಡುಗೆಗೆ ಹಾಕುವ ಕಪ್ಪು ಹುಳಿ ರಸದ, ವಿಷಯದಲ್ಲಿ ಹಟ ಜಾಸ್ತಿ. ಮಳೆಗಾಲದಲ್ಲಿ ಪನಂಪುಳಿ ಹಣ್ಣು ಉದುರಿದ್ದನ್ನು ಹೆಕ್ಕಿ ತಂದು, ಬುಟ್ಟಿಯಲ್ಲಿ ಹಾಕಿ ಕೊಳೆಯಲು ಬಿಡಬೇಕು. ರಸ ತೊಟ್ಟು ತೊಟ್ಟಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಅದನ್ನು ಕಪ್ಪಗೆ, ಗಟ್ಟಿಯಾಗುವವರೆಗೂ ಕುದಿಸಬೇಕು. ಇಷ್ಟು ಹಣ್ಣಿಗೆ ಇಷ್ಟೇ ಇಷ್ಟು ಸಿಗುತ್ತದೆ, ಆದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಸಲ ನನ್ನ ತಂಗಿ ಬಾಟಲಿ ಸಾಲ ಒಯ್ದು, ವಾಪಸ್ ಕೊಟ್ಟದ್ದು ತೆಳ್ಳಗಿತ್ತು ಅಂತ ಜಗಳ ಶುರುವಾಗಿ, ಇಬ್ಬರ ನಡುವೆ ಮಾತು ಎಷ್ಟೋ ವರ್ಷ ನಿಂತೇ ಹೋಗಿತ್ತು. ನಡುವೆ ಎರಡು ಹುತ್ತರಿ ಹಬ್ಬದಲ್ಲಿ ಇಬ್ಬರೂ ನನ್ನ ಮೂಲಕ ಮಾತಾಡಿದರು. "ಅವರಿಗೆ ತಂಬಿಟ್ಟು ಬೇಕಾ ಕೇಳಿ" ಅಂತ, ಅವರು ಎದುರಿಗೇ ಕೂತಿರುವಾಗ! ಈ ಕಥೆಯನ್ನು ಈಗ ಎಲ್ಲರಿಗಿಂತ ಚೆನ್ನಾಗಿ ಹೇಳುವವಳು ನನ್ನ ತಂಗಿಯೇ.

ಅದಕ್ಕೇ ಹೇಳೋದು, ಅಪ್ಪನೊಬ್ಬನನ್ನೇ ನಂಬಬೇಡಿ. ಗಂಡನಿಗೆ ಕಾಣುವುದು ಒಂದು ಪಾಲು. ತೋಟಕ್ಕೆ ಕೆಲಸಕ್ಕೆ ಬಂದವರು, ಸಂಘದ ಹೆಂಗಸರು, ತವರಿನವರು, ಇವರ ಹತ್ತಿರ ಇರುವ ಅಮ್ಮ ಬೇರೆಯೇ. ನಮ್ಮಲ್ಲಿ ಈಗ ಕೊಯ್ಲಿಗೆ ಅಸ್ಸಾಮಿನವರು ಬರುತ್ತಾರೆ. ಅವರ ಜೊತೆ ಇವಳು ಒಂದು ಹಿಂದಿ ಮಾತಾಡುತ್ತಿದ್ದಳು, ಅದರಲ್ಲಿ ಅರ್ಧ ತುಳು. ಅವರಲ್ಲಿ ಒಬ್ಬ ಹುಡುಗ ಈ ಸಲ ಬಂದವನು ಸಾಮಾನು ತೂಗುವಾಗ "ಏತ್?" ಅಂದ. ಎಷ್ಟು ಅಂತ ಕೇಳಿದ್ದು, ಶುದ್ಧ ತುಳುವಿನಲ್ಲಿ. ಅವನು ಅದನ್ನು ಕನ್ನಡ ಅಂದುಕೊಂಡಿದ್ದಾನೆ, ನಾನು ತಿದ್ದಲಿಲ್ಲ.

ಮಕ್ಕಳ ನೆನಪೂ ಒಂದೇ ಥರ ಇರುವುದಿಲ್ಲ. ದೊಡ್ಡವನ ಪ್ರಕಾರ ಅವ್ವ ಬೆತ್ತ ಹಿಡಿದೇ ಓದಿಸಿದಳು, ಚಿಕ್ಕವನ ಪ್ರಕಾರ ಕೈಯೇ ಎತ್ತಲಿಲ್ಲ. ನೀವು ತೀರ್ಪು ಕೊಡಲು ಹೋಗಬೇಡಿ, ಎರಡೂ ಬರೆದುಕೊಳ್ಳಿ.

ಈಗ ಅಪ್ಪನ ವಿಷಯ. ನಿಮ್ಮ ಕಡೆ ಅರೇಬಿಕಾ, ನವೆಂಬರಿನಿಂದಲೇ ಹಣ್ಣು ಕೊಯ್ಯುತ್ತಾರೆ. ಬೆಂಗಳೂರಿನಿಂದ ರಜೆ ಹಾಕಿ ಆ ಹೊತ್ತಿಗೆ ಹೋಗಿ. ಎದುರು ಕೂರಬೇಡಿ, ಪಕ್ಕದಲ್ಲಿ ಕೂತು ಕೈಗೆ ಏನಾದರೂ ಕೆಲಸ ತೆಗೆದುಕೊಳ್ಳಿ. ಆಮೇಲೆ ಬೇಕಂತಲೇ ಒಂದು ತಪ್ಪು ಹೇಳಿ. "ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಮಷಿನ್) ಹತ್ತಿರ ಅಮ್ಮ ಬರುತ್ತಲೇ ಇರಲಿಲ್ಲ ಅಲ್ವಾ" ಅಂತಲೋ, "ಮದ್ದುಸೊಪ್ಪಿನ ಪಾಯಸಕ್ಕೆ ಅಮ್ಮ ತೆಂಗಿನಕಾಯಿ ಹಾಕುತ್ತಿರಲಿಲ್ಲ ಅಲ್ವಾ" ಅಂತಲೋ. ಕೇಳಿದ್ದಕ್ಕೆ ಉತ್ತರ ಕೊಡದ ಮನುಷ್ಯ ತಪ್ಪು ಹೇಳಿದರೆ ಸುಮ್ನೆ ಇರುವುದಿಲ್ಲ. ಮೇಷ್ಟ್ರಾಗಿದ್ದವನ ಮಾತು ಇದು, ನಂಬಿ. "ಯಾರು ಹೇಳಿದ್ದು ನಿನಗೆ?" ಅಂತ ಶುರು ಮಾಡುತ್ತಾರೆ. ಮೊದಲ ದಿನ ಪೆನ್ನು, ಫೋನು ಎರಡೂ ಹೊರಗೆ ತೆಗೆಯಬೇಡಿ. ಸುಮ್ನೆ ಕೇಳಿ, ರಾತ್ರಿ ರೂಮಿಗೆ ಹೋಗಿ ಬರೆದುಕೊಳ್ಳಿ.