ಹಾಡು ಬಿಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಬ್ಯಾಂಡಿನ ಮೊದಲ ಶೂಗೇಜ್ (ಗಿಟಾರಿನ ದಟ್ಟ ಸದ್ದಿನೊಳಗೆ ದನಿ ಮುಳುಗಿರುವ ರಾಕ್) ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ್ದೇವೆ. ಒಂದೇ ಗಿಟಾರ್ ಟ್ರ್ಯಾಕನ್ನು ಆರು ಸಲ ಕಾಪಿ ಮಾಡಿ, ತುಸು ಹಿಂದೆಮುಂದೆ ಸರಿಸಿ ಎಡಕ್ಕೂ ಬಲಕ್ಕೂ ಹಂಚಿದ್ದೇವೆ. ಹೆಡ್‌ಫೋನಿನಲ್ಲಿ ಭರ್ಜರಿಯಾಗಿದೆ. ಫೋನಿನಲ್ಲಿ ಹಾಕಿದರೆ ಗಿಟಾರ್ ಸೊರಗುತ್ತದೆ, ಸಾಹಿತ್ಯ ಒಂದಕ್ಷರವೂ ತಿಳಿಯುವುದಿಲ್ಲ.
– ವಿದ್ಯಾನಗರ, ದಾವಣಗೆರೆ

ಉತ್ತರ: ಕಾಪಿಗಳನ್ನೆಲ್ಲ ಅಳಿಸಿಬಿಡಿ. ನುಡಿಸಿದ್ದೇ ಕೆಲವು ಮಿಲಿಸೆಕೆಂಡ್ ತಡವಾಗಿ ತನ್ನ ಮೇಲೆ ಬಿದ್ದರೆ ಕೆಲವು ಆವರ್ತನಗಳು ಒಂದನ್ನೊಂದು ತಿಂದುಹಾಕುತ್ತವೆ. ಹೆಡ್‌ಫೋನಿನಲ್ಲಿ ಎಡಬಲ ಬೇರೆಯಾಗಿರುವುದರಿಂದ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಫೋನಿನಲ್ಲಿ ಎರಡೂ ಕೂಡಿ ಒಂದೇ ದನಿ, ಅಂದರೆ ಮೋನೊ, ಆದ ಕೂಡಲೇ ಬಯಲಾಗುತ್ತದೆ. ಇಡೀ ಹಾಡನ್ನು ಎರಡು ಸಲ ಹೊಸದಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಡಿ. ಕೈಯ ಸಣ್ಣಪುಟ್ಟ ವ್ಯತ್ಯಾಸವೇ ನಿಮಗೆ ಬೇಕಾದ ಅಗಲ ಕೊಡುತ್ತದೆ. ಮಿಕ್ಸ್ ಮಾಡುವಾಗ ಆಗಾಗ ಮೋನೊಗೆ ಬದಲಿಸಿ ಕೇಳುತ್ತಿರಿ.

1991ರಲ್ಲಿ ಬಂದ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ ‘ಲವ್‌ಲೆಸ್’ ಆಲ್ಬಂ ಕೇಳಿ ಎಷ್ಟೋ ಜನ ಟ್ರ್ಯಾಕಿನ ಮೇಲೆ ಟ್ರ್ಯಾಕ್ ಪೇರಿಸಲು ಹೊರಡುತ್ತಾರೆ. ಆದರೆ ಆ ಬ್ಯಾಂಡಿನ ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು (ತಂತಿಗಳ ಬಿಗಿತ ಬದಲಿಸುವ ಹಿಡಿಕೆ) ಹಿಡಿದುಕೊಂಡೇ ಸ್ಟ್ರಮ್ ಮಾಡಿ ಸ್ವರವನ್ನು ಮೆಲ್ಲಗೆ ಜಾರಿಸುತ್ತಾರೆ, ಅದಕ್ಕೆ ರಿವರ್ಸ್ ರಿವರ್ಬ್ (ಹಿಂದುಮುಂದಾಗಿ ಕೇಳುವ ಅನುರಣನ) ಕೂಡಿಸುತ್ತಾರೆ. ನೀವು ಮೊದಲು ಕಲಿಯಬೇಕಾದದ್ದು ಆ ಕೈಚಳಕವನ್ನು.

ಫಜ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಗಿಟಾರಿನಲ್ಲಿ ಆರೂ ತಂತಿಯ ಕಾರ್ಡ್ (ಸ್ವರಗುಚ್ಛ) ಬೇಡ. ಫಜ್ ಪ್ರತಿ ಜೋಡಿ ಸ್ವರದ ನಡುವೆ ಹೊಸ ಸ್ವರಗಳನ್ನು ಹುಟ್ಟಿಸುವುದರಿಂದ ಬರೀ ಗದ್ದಲವಾಗುತ್ತದೆ. ಷಡ್ಜ–ಪಂಚಮ ಸಾಕು. ಗಿಟಾರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಬೇಸ್ ಗಿಟಾರಿಗೆ ಬಿಟ್ಟುಕೊಡಿ, 300ರ ಆಸುಪಾಸಿನಲ್ಲಿ 3 ಡೆಸಿಬೆಲ್ ಇಳಿಸಿ. ರಿವರ್ಬ್‌ಗೂ ಬೇರೆಯಾಗಿ ಈಕ್ವಲೈಸರ್ ಹಾಕಿ, 250ರ ಕೆಳಗೆ ಮತ್ತು 6,000ದ ಮೇಲೆ ಏನೂ ಉಳಿಯದಂತೆ ನೋಡಿಕೊಳ್ಳಿ.

ಶೂಗೇಜಿನಲ್ಲಿ ದನಿ ವಾದ್ಯದೊಳಗೆ ಅಡಗಿರುವುದು ಸಹಜ. ಆದರೂ ಕನ್ನಡದಲ್ಲಿ ಬರೆದ ಸಾಲು ಕೇಳುಗರಿಗೆ ಮುಟ್ಟಲೇಬೇಕು ಅನ್ನುವುದು ನಮ್ಮ ಅಭಿಪ್ರಾಯ. ಉದ್ದನೆಯ ರಿವರ್ಬಿನಲ್ಲಿ ಸ್ವರ ಉಳಿದು ವ್ಯಂಜನ ಕರಗುತ್ತದೆ. ‘ಮಳೆಯ ಹಾದಿ’ ಹೋಗಿ ‘ಅಳೆಯ ಆದಿ’ ಆಗುತ್ತದೆ. ರಿವರ್ಬ್ ಶುರುವಾಗುವ ಮುನ್ನದ ತಡವನ್ನು (ಪ್ರೀ-ಡಿಲೇ) 60ರಿಂದ 80 ಮಿಲಿಸೆಕೆಂಡಿಗೆ ಇಟ್ಟರೆ ಅಕ್ಷರ ಮೊದಲು ಬಂದು, ಮಂಜು ಆಮೇಲೆ ಕವಿಯುತ್ತದೆ. ಗಿಟಾರಿನಲ್ಲಿ 2ರಿಂದ 4 ಕಿಲೋಹರ್ಟ್ಸ್‌ವರೆಗೆ 2 ಡೆಸಿಬೆಲ್ ತಗ್ಗಿಸಿದರೆ ದನಿಗೆ ಜಾಗ ಸಿಗುತ್ತದೆ.

ಪ್ರಶ್ನೆ: ಟ್ರೆಮೊಲೊ ಕಡ್ಡಿ ಬಳಸಿದರೆ ಎರಡೇ ನಿಮಿಷಕ್ಕೆ ಶ್ರುತಿ ತಪ್ಪುತ್ತದೆ. ಗಿಟಾರ್ ಬದಲಿಸಬೇಕೆ?
– ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಬೇಡ. ಶ್ರುತಿ ಮಾಡುವಾಗ ತಂತಿ ‘ಟಿಣ್’ ಎಂದು ಜಿಗಿದರೆ ಅದು ನಟ್ಟಿನ (ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕೊರೆಯಲ್ಲಿ ಸಿಕ್ಕಿಕೊಳ್ಳುತ್ತಿದೆ. ತಂತಿ ಸಡಿಲಿಸಿ, ಪಕ್ಕಕ್ಕೆ ಸರಿಸಿ, ಕೊರೆಯೊಳಗೆ ಮೆತ್ತನೆಯ 2ಬಿ ಪೆನ್ಸಿಲ್ ಚೆನ್ನಾಗಿ ಉಜ್ಜಿ. ಬಿರಡೆಗೆ ಎರಡು ಮೂರು ಸುತ್ತಿಗಿಂತ ಹೆಚ್ಚು ಸುತ್ತಬೇಡಿ. ಹೊಸ ತಂತಿಯನ್ನು ಕೈಯಿಂದ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ. ಇಳಿಯುವುದು ನಿಲ್ಲುವವರೆಗೂ ಇದನ್ನೇ ಮಾಡಿ.

ಪ್ರಶ್ನೆ: ನವೆಂಬರ್ 1ಕ್ಕೆ ನಮ್ಮ ಇಂಡೀ ರಾಕ್ ಹಾಡು ಬಿಡಬೇಕೆಂದಿದ್ದೇವೆ. ಯಾವಾಗ ಕಳಿಸಬೇಕು? ಎಷ್ಟು ಜೋರಾಗಿ ಮಾಸ್ಟರ್ (ಮಿಕ್ಸ್ ಆದ ಹಾಡಿಗೆ ಕೊನೆಯ ಹದ) ಮಾಡಬೇಕು?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಕ್ಟೋಬರ್ ಮೊದಲ ವಾರದಲ್ಲೇ ಡಿಸ್ಟ್ರಿಬ್ಯೂಟರಿಗೆ (ಹಾಡನ್ನು ಸ್ಪಾಟಿಫೈಯಂಥ ಕಡೆ ತಲುಪಿಸುವ ಕಂಪನಿಗೆ) ಕೊಡಿ. 24 ಬಿಟ್ ವೇವ್ ಫೈಲ್, 3000×3000 ಪಿಕ್ಸೆಲ್ ಮುಖಚಿತ್ರ ಬೇಕು. ಚಿತ್ರದ ಮೇಲೆ ಫೋನ್ ನಂಬರೋ ಇನ್‌ಸ್ಟಾಗ್ರಾಂ ವಿಳಾಸವೋ ಇದ್ದರೆ ವಾಪಸ್ ಬರುತ್ತದೆ, ವಾರ ವ್ಯರ್ಥ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಅರ್ಜಿ ಹಾಕಿ. ಹಾಡು ಹೊರಬಂದ ಮೇಲೆ ಹಾಕಲು ಬರುವುದಿಲ್ಲ. ಭಾಷೆಯ ಜಾಗದಲ್ಲಿ ಕನ್ನಡ ಆರಿಸಲು ಮರೆಯಬೇಡಿ.

ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು −14 ಲಫ್ಸ್ (ಹಾಡು ಎಷ್ಟು ಜೋರು ಎಂಬುದರ ಅಳತೆ) ಮಟ್ಟಕ್ಕೆ ತರುತ್ತದೆ. −7ಕ್ಕೆ ಒತ್ತಿ ಕೊಟ್ಟರೆ ಅದು ದನಿ ಇಳಿಸುತ್ತದೆ. ಜೋರಾದ ಸದ್ದನ್ನು ಅದುಮುವ ಲಿಮಿಟರಿನಲ್ಲಿ ಸತ್ತ ಡ್ರಮ್ಮಿನ ಹೊಡೆತ ಮಾತ್ರ ವಾಪಸ್ ಬರುವುದಿಲ್ಲ. ಟ್ರೂ ಪೀಕ್ (ಸದ್ದು ಏರುವ ಗರಿಷ್ಠ ಮಟ್ಟ) −1 ಡೆಸಿಬೆಲ್ ದಾಟದಿರಲಿ.

ಬ್ಯಾಂಡಿನ ಹೆಸರಿನ ಕಾಗುಣಿತ ಪ್ರತಿ ಸಲವೂ ಒಂದೇ ಇರಲಿ, ಇಲ್ಲದಿದ್ದರೆ ಹಾಡು ಬೇರೆ ಯಾರದೋ ಪುಟಕ್ಕೆ ಹೋಗಿ ಕೂರುತ್ತದೆ. ಡಿಸ್ಟ್ರಿಬ್ಯೂಟರ್ ಕೊಡುವ ಐಎಸ್‌ಆರ್‌ಸಿ ಸಂಖ್ಯೆಯನ್ನು, ಅಂದರೆ ಆ ರೆಕಾರ್ಡಿಂಗಿನ ಗುರುತಿನ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳಿ. ಮುಂದೆ ಕಂಪನಿ ಬದಲಿಸಿದಾಗ ಅದೇ ಸಂಖ್ಯೆ, ಅದೇ ಆಡಿಯೊ ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಸಿಕೊಳ್ಳಬಹುದು.