ಒಲೆಯ ನಾಬ್ ತಾನಾಗಿ ತಿರುಗುವುದಿಲ್ಲ

ಬೇಸಿಗೆ ರಜೆಗೆ ಮೊಮ್ಮಕ್ಕಳು ಊರಿಗೆ ಬಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರಲು ಶುರು. ಈ ಸಲ ಅದಕ್ಕೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಉಳಿದವರಿಗೆ ಒಂದೆರಡು ಸಾಲು ಸಿಕ್ಕರೆ ಬೇಜಾರಾಗಬೇಡಿ.

ಪ್ರಶ್ನೆ: ನಮ್ಮದು ಎರಡು ಬರ್ನರಿನ ಒಲೆ. ಎರಡು ವರ್ಷದ ಮೊಮ್ಮಗ ನಾಬ್ ತಿರುಗಿಸುತ್ತಾನೆ. ಒಮ್ಮೊಮ್ಮೆ ನನ್ನ ಸೆರಗು ಸಿಕ್ಕಿಕೊಂಡರೂ ತಿರುಗಿಬಿಡುತ್ತದೆ. ಮೊನ್ನೆ ಮಧ್ಯಾಹ್ನ ಮಲಗಿ ಎದ್ದರೆ ಮನೆಯೆಲ್ಲ ಗ್ಯಾಸ್ ವಾಸನೆ. ನಾಬಿಗೆ ಹಾಕುವ ಪ್ಲಾಸ್ಟಿಕ್ ಕವರ್ ತರಿಸಿದೆವು, ಕೂರುತ್ತಿಲ್ಲ. ಯಾವ ಕವರ್ ಒಳ್ಳೆಯದು? (ನವನಗರ, ಬಾಗಲಕೋಟೆ)

ಉತ್ತರ: ಅಮ್ಮಾ, ಕವರಿನ ಮಾತು ಆಮೇಲೆ. ಸೆರಗಿನ ಮಾತನ್ನು ನೀವು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಸೆರಗಿಗೆ ನಾಬ್ ತಿರುಗುತ್ತದೆ ಅಂದರೆ ನಿಮ್ಮ ಒಲೆ ಕೆಟ್ಟಿದೆ.

ನಮ್ಮ ಒಲೆಗಳ ನಾಬನ್ನು ಒಳಗೆ ಒತ್ತಿದರೆ ಮಾತ್ರ ತಿರುಗಬೇಕು. ಅದರ ಹಿಂದೆ ಹಿತ್ತಾಳೆಯ ಕಾಕ್, ಅಂದರೆ ಗ್ಯಾಸ್ ಬಿಡುವ, ನಿಲ್ಲಿಸುವ ನಲ್ಲಿ ಇರುತ್ತದೆ. ಬಂದ್ ಇದ್ದಾಗ ಒಳಗಿನ ಪಿನ್ ಒಂದು ಕಚ್ಚಿನಲ್ಲಿ ಕೂತಿರುತ್ತದೆ, ಸ್ಪ್ರಿಂಗ್ ಅದನ್ನು ಅಲ್ಲೇ ಹಿಡಿದಿರುತ್ತದೆ. ಒತ್ತಿದಾಗ ಪಿನ್ ಬಿಡುತ್ತದೆ. ಸ್ಪ್ರಿಂಗ್ ಸೋತರೆ, ಕಚ್ಚು ಸವೆದರೆ, ಇಲ್ಲವೇ ಉಕ್ಕಿದ ಹಾಲು ಒಳಗೆ ಇಳಿದು ಅಂಟಾದರೆ ಒತ್ತದೆಯೂ ತಿರುಗುತ್ತದೆ. ಸಂತೆಯಲ್ಲಿ ಬಿಡಿಯಾಗಿ ಸಿಗುವ ನಾಬ್ ಹಾಕಿದ್ದರೂ ಹೀಗಾಗಬಹುದು. ಅಳತೆ ಸರಿ ಇಲ್ಲದ್ದು ಪ್ಯಾನೆಲ್ಲಿನ ತೂತಿಗೆ ಉಜ್ಜಿ, ಒತ್ತಿದ ಮೇಲೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಈಗಲೇ ನೋಡಿ. ರೆಗ್ಯುಲೇಟರ್ ಬಂದ್ ಮಾಡಿ, ನಾಬನ್ನು ಒತ್ತದೆ ಎರಡು ಬೆರಳಲ್ಲಿ ತಿರುಗಿಸಿ. ಅದು ತಿರುಗಬಾರದು. ಆಮೇಲೆ ಒತ್ತಿ ಬಿಡಿ. ಟಕ್ಕನೆ ಹೊರಗೆ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ರಿಪೇರಿ ಆಗುವ ತನಕ ಆ ಒಲೆ ಹಚ್ಚಬೇಡಿ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ಕನ್ನೇ ಕರೆಸಿ. ಮನೆಯ ಗಂಡಸರು ಸ್ಕ್ರೂಡ್ರೈವರ್ ಹಿಡಿಯುವುದು ಬೇಡ. ಕಾಕಿನೊಳಗಿನ ಶಂಕುವಿನಂಥ ತುಂಡನ್ನು ಅದು ಕೂರುವ ಗೂಡಿಗೆ ಉಜ್ಜಿ ಕೂರಿಸಿರುತ್ತಾರೆ. ಎಡಗಡೆಯದು ಬಲಗಡೆಗೆ ಹೋದರೆ ಸೋರುತ್ತದೆ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಸೋಪಿನ ನೀರು ಹಚ್ಚಿ ತೋರಿಸಲಿ. ಕಡ್ಡಿ ಗೀರಿ ತೋರಿಸುವವನಿದ್ದರೆ ದುಡ್ಡು ಕೊಡದೆ ಕಳಿಸಿ.

ಇನ್ನು ಮೊಮ್ಮಗನ ವಿಷಯ. ಎರಡು ವರ್ಷದ ಹುಡುಗನಿಗೆ ಒತ್ತಿ ತಿರುಗಿಸುವುದು ಏನೂ ಕಷ್ಟವಲ್ಲ, ದಿನಾ ನಿಮ್ಮ ಕೈ ನೋಡುತ್ತಾನೆ. ಹಾಗಾಗಿ ಒಲೆ ಸರಿ ಇದ್ದರೂ ನಾಬನ್ನು ನಂಬಬೇಡಿ, ರೆಗ್ಯುಲೇಟರನ್ನು ನಂಬಿ. ಅಡುಗೆ ಮುಗಿದ ಕೂಡಲೇ ಬಂದ್. ರಾತ್ರಿ ಮಾತ್ರ ಅಲ್ಲ, ಮಧ್ಯಾಹ್ನ ಊಟವಾದ ಮೇಲೂ. ಆಗ ಯಾರು ನಾಬ್ ತಿರುಗಿಸಿದರೂ ಪೈಪಿನಲ್ಲಿ ಉಳಿದ ಚೂರು ಗ್ಯಾಸ್ ಬಿಟ್ಟರೆ ಏನೂ ಬರುವುದಿಲ್ಲ. ಆದರೆ ತಿರುಗಿಸಿಟ್ಟ ನಾಬ್ ಹಾಗೇ ಇರುತ್ತದೆ. ರೆಗ್ಯುಲೇಟರ್ ತೆರೆಯುವ ಮೊದಲು ಎಲ್ಲ ನಾಬ್ ಮುಟ್ಟಿ ನೋಡಿ. ಈ ಒಂದು ಮಾತು ಯಾರೂ ಕೇಳುವುದಿಲ್ಲ. ಸಿಲಿಂಡರ್ ಮುಂದೆ ಡಬ್ಬಿ, ಬುಟ್ಟಿ, ಎಣ್ಣೆ ಕ್ಯಾನ್ ಪೇರಿಸಿ, ರೆಗ್ಯುಲೇಟರಿಗೆ ಕೈ ಹೋಗುವುದಿಲ್ಲ ಅಂತ ನನಗೇ ಹೇಳುತ್ತಾರೆ! ಡಬ್ಬಿ ಸರಿಸಿ.

ಎರಡನೆಯ ದಾರಿ, ನಾಬ್ ಕಿತ್ತು ಎತ್ತರದಲ್ಲಿ ಇಡುವುದು. ಕಾಸು ಖರ್ಚಿಲ್ಲ. ಆದರೆ ದಿನಾ ಎಳೆದರೆ ಅದರ ತೂತು ಸವೆದು ನಾಬ್ ಸಡಿಲವಾಗುತ್ತದೆ. ಆಮೇಲೆ ಬಂದ್ ಆಗಿದೆ ಅಂತ ಕಂಡರೂ ಒಳಗೆ ಆಗಿರುವುದಿಲ್ಲ. ಮೊಮ್ಮಗ ಇರುವಷ್ಟು ದಿನ ಮಾಡಿ, ಸಾಕು.

ಕವರ್? ಅವುಗಳಲ್ಲಿ ಹೆಚ್ಚಿನವು ದೊಡ್ಡ ಒಲೆಗಳ ನಾಬಿಗೆ ಮಾಡಿದವು. ನಮ್ಮ ಒಲೆಯಲ್ಲಿ ನಾಬಿಗೂ ಕಟ್ಟೆಗೂ ನಡುವೆ ಜಾಗ ಕಡಿಮೆ, ಮುಚ್ಚಳ ತೆರೆಯುವುದಿಲ್ಲ. ಅಂಟಿಸುವ ಬಗೆಯದು ಎಣ್ಣೆ ಜಿಡ್ಡಿನ ಸ್ಟೀಲಿನ ಮೇಲೆ ನಿಲ್ಲುವುದಿಲ್ಲ. ಬೇಕೇ ಬೇಕು ಅಂದರೆ ನಾಬಿನ ಅಗಲ, ಎತ್ತರ ಅಳೆದು ತನ್ನಿ. ಎಣ್ಣೆಗೆ ಬೆಂಕಿ ಹತ್ತಿದಾಗ ಮುಚ್ಚಳ ತೆಗೆದು ಬಂದ್ ಮಾಡಲು ತಡವಾಗುತ್ತದೆ ಅನ್ನುವ ಕಾರಣಕ್ಕೆ ನನಗಂತೂ ಅದು ಇಷ್ಟವಿಲ್ಲ.

ನಮ್ಮ ಕಡೆಯ ಇನ್ನೊಂದು ಅಭ್ಯಾಸ ಇದೆ. ಜೋಳದ ರೊಟ್ಟಿ ಬಡಿಯಲು ಕೂತು ಮಾಡಿದರೆ ಕೈಗೆ ಬಲ ಬರುತ್ತದೆ, ನಿಜ. ಅದಕ್ಕೆ ಒಲೆಯನ್ನೇ ನೆಲಕ್ಕೆ ಇಳಿಸುತ್ತಾರೆ. ಆಗ ನಾಬ್ ಸರಿಯಾಗಿ ಮಗುವಿನ ಮುಖದ ಮುಂದೆ. ಸಿಲಿಂಡರಿಗಿಂತ ಒಲೆ ಎತ್ತರದಲ್ಲಿ ಇರಬೇಕು ಅನ್ನುವ ನಿಯಮವೂ ಹೋಯಿತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲದಲ್ಲೇ ಹರಡುತ್ತದೆ. ಗಾಳಿಯಲ್ಲಿ ಸುಮಾರು ಶೇ 2 ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ವಾಸನೆ ಬಂದಾಗ ಎಕ್ಸಾಸ್ಟ್ ಫ್ಯಾನ್ ಹಾಕಲು ಓಡುವವರು ಇದನ್ನು ಎರಡು ಸಲ ಓದಿ. ಆ ಸ್ವಿಚ್ಚೇ ಕಿಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ನಡೆಯಿರಿ, ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಹೊಸ ಒಲೆ ಕೊಳ್ಳುವ ಶಕ್ತಿ ಇದ್ದರೆ ಜ್ವಾಲೆ ಆರಿದರೆ ಗ್ಯಾಸ್ ನಿಲ್ಲುವ ಬಗೆಯದು ಕೇಳಿ. ಅಂಗಡಿಯಲ್ಲಿ ಎಫ್‌ಎಫ್‌ಡಿ ಅನ್ನುತ್ತಾರೆ. ಬರ್ನರ್ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಬಿಸಿಯಾಗುವ ತನಕ ನಾಬ್ ಒತ್ತಿ ಹಿಡಿಯಬೇಕು, ಬಿಟ್ಟರೆ ಗ್ಯಾಸ್ ಬಂದ್. ಸೆರಗಿಗೆ ತಿರುಗಿದರೂ ಗ್ಯಾಸ್ ಬರುವುದಿಲ್ಲ. ಗಾಜಿನ ಬಣ್ಣ ನೋಡಿ ಒಲೆ ಕೊಳ್ಳುವವರು ಇದಕ್ಕೆ ದುಡ್ಡು ಜಾಸ್ತಿ ಅನ್ನುತ್ತಾರೆ.

ಪ್ರಶ್ನೆ: ದಿನಾ ಬಂದ್ ಮಾಡಿ ತೆರೆದರೆ ರೆಗ್ಯುಲೇಟರ್ ಹಾಳಾಗುತ್ತದಂತೆ, ಹೌದೇ? (ಇಂಡಿ)

ಉತ್ತರ: ಅದು ಇರುವುದೇ ಅದಕ್ಕೆ. ಹಾಳಾದರೆ ಏಜೆನ್ಸಿಯಲ್ಲಿ ಬದಲಿಸಿಕೊಳ್ಳಿ.

ಪ್ರಶ್ನೆ: ನಾಬ್ ಬಿಗಿಯಾಗಿದೆ. ಕೊಬ್ಬರಿ ಎಣ್ಣೆ ಬಿಡಬಹುದೇ? (ಗೋಕಾಕ)

ಉತ್ತರ: ಬೇಡ. ಮೊದಲು ಜಾರುತ್ತದೆ, ಆಮೇಲೆ ಬಿಸಿಗೆ ಅಂಟಾಗಿ ಮತ್ತಷ್ಟು ಬಿಗಿಯುತ್ತದೆ. ಕಾಕಿಗೆ ಬೇರೆ ಗ್ರೀಸ್ ಇದೆ, ಅದು ಮೆಕ್ಯಾನಿಕ್ ಕೆಲಸ.

ಪ್ರಶ್ನೆ: ಗ್ಯಾಸ್ ಕಂಪನಿಯವರು ಅಂತ ಇಬ್ಬರು ಬಂದು, ಸಿಲಿಂಡರಿಗೆ ಒಂದು ಸೇಫ್ಟಿ ಯಂತ್ರ ಹಾಕಿಸಿಕೊಳ್ಳಿ, ಗ್ಯಾಸೂ ಉಳಿಯುತ್ತದೆ ಅಂದರು. (ಮುಧೋಳ)

ಉತ್ತರ: ಮೋಸ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಏನನ್ನೂ ಹಾಕಬಾರದು. ಹಾಕಿಸಿಕೊಂಡಿದ್ದರೆ ಇವತ್ತೇ ಏಜೆನ್ಸಿಯವರನ್ನು ಕರೆಸಿ ತೆಗೆಸಿ. ಗುರುತಿನ ಚೀಟಿ ಕೇಳಿ, ಏಜೆನ್ಸಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳದೆ ಅಡುಗೆಮನೆಗೆ ಯಾರನ್ನೂ ಬಿಡಬೇಡಿ.

ಪ್ರಶ್ನೆ: ನಮಗೆ ಪೈಪ್ ಗ್ಯಾಸ್ ಬಂದಿದೆ. ಈಗ ಇದೆಲ್ಲ ಬೇಕಾ? (ಬೆಳಗಾವಿ)

ಉತ್ತರ: ಬೇಕು. ರೆಗ್ಯುಲೇಟರ್ ಬದಲು ಒಲೆಯ ಹಿಂದಿನ ಪೈಪಿನ ವಾಲ್ವ್ ಬಂದ್ ಮಾಡಿ. ಆ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಏರುತ್ತದೆ. ಅದಕ್ಕೆ ಮೇಲಿನ ಕಿಟಕಿಯನ್ನೂ ತೆರೆಯಬೇಕು.